ಮಾವನ ತಲೆಯಡಿಯ ಉಣ್ಣೆ ಪ್ಯಾಡು

ಕಾರು ಪಾಲಿಶ್ ಮಾಡುವ ಆ ಮನುಷ್ಯನಿಗೆ ತನ್ನ ಮನೆಯ ಮೇಲಿದ್ದ ದೂರು ಒಂದೇ. ಧೂಳು ನುಗ್ಗದ, ಬಿಸಿಲು ಬೀಳದ, ಆದರೂ ಗಾಳಿಯಾಡುವ ಕೋಣೆ ಆ ಮನೆಯಲ್ಲಿದ್ದುದು ಒಂದೇ ಒಂದು. ಅದರಲ್ಲಿ ಮಾವ ಸಾಯುತ್ತ ಮಲಗಿದ್ದರು.

ಹಾಗಂತ ಅವನೇನು ಕಟುಕನಲ್ಲ. ಮಾವ ಬೇಗ ಹೋಗಲಿ ಎಂದು ಅವನು ಒಂದು ದಿನವೂ ಬಯಸಿರಲಿಲ್ಲ. ಪಕ್ಕದ ಕೋಣೆಗೆ ಹೋಗಲಿ ಎಂದು ಮಾತ್ರ ಬಯಸಿದ್ದ. ಆದರೆ ಪಕ್ಕದ ಕೋಣೆಯಲ್ಲಿ ಕಿಟಕಿ ಇರಲಿಲ್ಲ, ಡಾಕ್ಟರು ಮಾವನಿಗೆ ಗಾಳಿ ಬೇಕು ಎಂದಿದ್ದರು. ಕಾರುಜ್ಜುವ ಪ್ಯಾಡುಗಳಿಗೂ ಗಾಳಿ ಬೇಕು ಎಂದು ಹೇಳುವ ಡಾಕ್ಟರು ಊರಲ್ಲಿ ಯಾರೂ ಇರಲಿಲ್ಲ.

ಬೀದಿಯವರು ಅವನನ್ನು ಕರೆಯುತ್ತಿದ್ದುದು 'ಫಳಫಳ' ಎಂದು. ಮನೆಗೆ ತಾಗಿದ ತಗಡಿನ ಶೆಡ್ಡೇ ಅವನ ಕಾರ್ಯಾಲಯ, ಕಾರ್ಖಾನೆ, ಸಾಮ್ರಾಜ್ಯ ಎಲ್ಲವೂ. ಮೆಷಿನ್ನಿನ ತುದಿಗೆ ದುಂಡನೆಯ ಸ್ಪಂಜಿನ ಪ್ಯಾಡು ಅಂಟಿಸಿ, ಮೇಲೆ ಒಂದಿಷ್ಟು ಪೇಸ್ಟು ಹಾಕಿ, ಮುಪ್ಪು ಹಿಡಿದ ಕಾರುಗಳಿಗೆ ಯೌವನ ತರುವುದು ಅವನ ಕಸುಬು. ಕಾರು ಯಾರದ್ದೋ, ಮೆಷಿನ್ನು ಯಾವ ಕಂಪನಿಯದ್ದೋ. ಅವನದ್ದು ಅಂತ ಇದ್ದದ್ದು ಪ್ಯಾಡುಗಳು. ಗೀರು ತೆಗೆಯುವ ಹಳದಿ, ಹೊಳಪು ಕೊಡುವ ಕಪ್ಪು, ಇವೆಲ್ಲಕ್ಕೂ ಯಜಮಾನನಂತೆ ಮೃದು ಕುರಿ ಉಣ್ಣೆಯ ಬಿಳಿ ಪ್ಯಾಡು. ದೂರದಿಂದ ತರಿಸಿದ ಆ ಉಣ್ಣೆ ಪ್ಯಾಡನ್ನು ಅವನು ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತಿದ್ದ. (ಮಗುವಿದ್ದಿದ್ದರೆ ಅದನ್ನೂ ಹೀಗೇ ಎತ್ತಿಕೊಳ್ಳುತ್ತಿದ್ದನೋ ಏನೋ. ಇರಲಿಲ್ಲ. ಆ ಮಾತು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.)

ಪ್ರತಿ ಸಂಜೆ ಪ್ಯಾಡುಗಳ ಮಜ್ಜನ. ಉಗುರು ಬೆಚ್ಚಗಿನ ನೀರು, ಒಂದು ಹನಿ ಮೆತ್ತನೆಯ ಸೋಪು, ಹಳೇ ಬ್ರಷ್ಷಿನಿಂದ ಒಳಗೆ ಕೂತ ಪೇಸ್ಟನ್ನು ನಯವಾಗಿ ಬಿಡಿಸುವುದು. ಇದೆಲ್ಲ ನಡೆಯುತ್ತಿದ್ದುದು ಅಡುಗೆಮನೆಯ ಸಿಂಕಿನಲ್ಲಿ, ಸರಿಯಾಗಿ ಅವನ ಹೆಂಡತಿ ಪಾತ್ರೆ ತೊಳೆಯಲು ಬರುವ ಹೊತ್ತಿಗೆ.

"ರೀ, ಅನ್ನದ ಪಾತ್ರೆಗೆ ಮೊನ್ನೆಯಿಂದ ಸೀಮೆಎಣ್ಣೆ ವಾಸನೆ."

"ಅದು ಸೀಮೆಎಣ್ಣೆ ಅಲ್ಲ, ಪೇಸ್ಟು."

"ಹಾಗಾದ್ರೆ ತಿನ್ನಬಹುದಾ?"

"ತಿನ್ನು ಅಂತ ನಾನೆಲ್ಲಿ ಹೇಳಿದೆ. ನಿನ್ನ ಪಾತ್ರೆ ಉಜ್ಜೋ ನಾರು ಮಾತ್ರ ಈ ಕಡೆ ತರಬೇಡ. ಒಂದೇ ಒಂದು ಮರಳಿನ ಕಣ ಪ್ಯಾಡಿಗೆ ಸಿಕ್ಕಿಕೊಂಡ್ರೆ ಸಾಕು, ನಾಳೆ ಕಾರಿನ ಮೈ ತುಂಬಾ ಗೀರು. ಹಿಂಡಬೇಡ, ತಿರುಚಬೇಡ, ಕುದಿಯೋ ನೀರು ತೋರಿಸಬೇಡ."

"ಮದುವೆ ಆದಾಗ ನನ್ನ ಬಗ್ಗೆ ಯಾರಾದ್ರೂ ನಿಮಗೆ ಇಷ್ಟು ಹೇಳಿಕೊಟ್ಟಿದ್ರೆ ಚೆನ್ನಾಗಿತ್ತು," ಎಂದು ಅವಳು ಪಾತ್ರೆಗಳನ್ನು ಎತ್ತಿಕೊಂಡು ಬಚ್ಚಲಿಗೆ ಹೋಗುತ್ತಿದ್ದಳು.

ತೊಳೆದದ್ದನ್ನು ಒಣಗಿಸುವ ಪ್ರಶ್ನೆ ಬಂದಾಗಲೇ ಅವನು ಮಾವನ ಕೋಣೆಯ ಮೇಲೆ ಕಣ್ಣು ಹಾಕಿದ್ದು. ಶೆಡ್ಡಿನಲ್ಲಿ ಧೂಳು. ಅಂಗಳದಲ್ಲಿ ಬಿಸಿಲು, ಬಿಸಿಲಿಗೆ ಪ್ಯಾಡಿನ ಬೆನ್ನಿನ ಅಂಟು ಬಿಡುತ್ತದೆ. ಕೊನೆಗೊಂದು ದಿನ ಮಾವನ ಮಂಚದ ಪಕ್ಕ, ಕಿಟಕಿಯ ಕೆಳಗೆ, ತಂತಿಯ ಸ್ಟ್ಯಾಂಡು ತಂದಿಟ್ಟೇ ಬಿಟ್ಟ. ಸಾಯುವವರ ಕೋಣೆಯಲ್ಲಿ ಇದೇನು ಅಂಗಡಿ ಎಂದು ಹೆಂಡತಿ ಅತ್ತಳು. ಮಾವ ಮಾತ್ರ ಅಳಲಿಲ್ಲ. ಅವರು ಸ್ಟ್ಯಾಂಡಿನ ಕಡೆ ತಿರುಗಿ ಮಲಗಿದರು.

"ಅಳಿಯಂದಿರೇ, ಇವಕ್ಕೆ ದಿನಾ ಸ್ನಾನವೋ?"

"ಹೌದು ಮಾವ. ಮಾಡಿಸದಿದ್ರೆ ಪೇಸ್ಟು ಒಣಗಿ ಕಲ್ಲಾಗುತ್ತೆ."

"ನನಗೆ ವಾರಕ್ಕೆ ಎರಡು ಸಲ," ಎಂದರು ಮಾವ. ದೂರಲಿಲ್ಲ, ಲೆಕ್ಕ ಒಪ್ಪಿಸಿದರು ಅಷ್ಟೆ.

ಮಾವ ಆಯುಷ್ಯವೆಲ್ಲ ಲಾರಿ ಓಡಿಸಿದವರು. ಈಗ ಬೆರಳುಗಳು ಸೆಟೆದುಕೊಂಡಿದ್ದವು. ಮೆತ್ತನೆಯದ್ದೇನಾದರೂ ಒತ್ತುತ್ತಿರಿ ಎಂದು ಡಾಕ್ಟರು ಒಂದು ರಬ್ಬರು ಚೆಂಡು ಕೊಟ್ಟಿದ್ದರು, ಅದನ್ನವರು ಬೆಕ್ಕಿಗೆ ಎಸೆದು ಕೂತಿದ್ದರು. ಒಂದು ಸಂಜೆ ಅಳಿಯ ಒದ್ದೆ ಪ್ಯಾಡುಗಳನ್ನು ತಂದಾಗ ಮಾವ ಕೈ ಚಾಚಿ ಒಂದನ್ನು ಕೇಳಿ ಪಡೆದು, ಎರಡು ಅಂಗೈಗಳ ನಡುವೆ ಇಟ್ಟು, ಉಸಿರು ಬಿಗಿಹಿಡಿದು ಒತ್ತಿದರು. ನೀರು ಅವರ ಮೊಣಕೈಯಿಂದ ಹಾಸಿಗೆಗೆ ಇಳಿಯಿತು. ಹಿಂಡಲಿಲ್ಲ, ತಿರುಚಲಿಲ್ಲ. ಪ್ಯಾಡಿನ ನೀರು ಹೇಗೆ ತೆಗೆಯಬೇಕೋ ಹಾಗೇ ತೆಗೆದರು, ಬೇರೆ ರೀತಿ ಮಾಡಲು ಕೈಯಲ್ಲಿ ಕಸುವೇ ಇರಲಿಲ್ಲ.

ಅಲ್ಲಿಂದ ಅದೇ ರೂಢಿಯಾಯಿತು. ಮಂಚಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಅಳಿಯ ಪ್ಯಾಡುಗಳನ್ನು ಒಂದೊಂದಾಗಿ ಕೊಡುವುದು, ಮಾವ ಒತ್ತುವುದು, ಅಳಿಯ ಅದನ್ನು ಮುಖ ಕೆಳಗೆ ಮಾಡಿ ತಂತಿಯ ಮೇಲಿಡುವುದು. ಮಾತುಕತೆ ಹೆಚ್ಚಿರಲಿಲ್ಲ. ಅದಕ್ಕೂ ಹಿಂದೆ ಇವರಿಬ್ಬರ ನಡುವೆ ಇದ್ದುದು, ಮಗಳನ್ನು ಇಂಥ ಒಣಕಲು ಮನುಷ್ಯನಿಗೆ ಕೊಟ್ಟೆನಲ್ಲ ಎಂಬ ಒಬ್ಬರ ಕೊರಗು, ಕೊಟ್ಟ ಮೇಲೆ ಸುಮ್ಮನಿರಬಾರದೇ ಎಂಬ ಇನ್ನೊಬ್ಬರ ಗೊಣಗು. ಉಣ್ಣೆ ಪ್ಯಾಡನ್ನು ಮಾತ್ರ ಮಾವ ಬೇಗ ವಾಪಸು ಕೊಡುತ್ತಿರಲಿಲ್ಲ. ಒತ್ತಿಯಾದ ಮೇಲೂ ಎದೆಯ ಮೇಲಿಟ್ಟುಕೊಂಡು ಅದರ ಎಳೆಗಳನ್ನು ಬೆರಳಿನಿಂದ ಬಾಚುತ್ತಿದ್ದರು.

"ಸಾಕು ಕೊಡಿ ಮಾವ, ಕೈಯ ಜಿಡ್ಡು ಹತ್ತುತ್ತೆ."

"ಕೊಡ್ತೀನಿ ಇರಿ. ಎಲ್ಲಿಗೆ ಓಡಿಹೋಗ್ತೀನಿ ನಾನು."

ಒಂದು ಬೆಳಗ್ಗೆ ಅವರು ಎಲ್ಲಿಗೋ ಹೋಗಿಯೇಬಿಟ್ಟರು.

ಹೋದ ದಿನವಾದರೂ ನೋಡಿ ಎಂಥದ್ದು. ಹೊಸ ಕಾರು ಮಾರುವ ಶೋರೂಮಿನ ಮ್ಯಾನೇಜರು ಮಾರನೆಯ ದಿನ ಒಂದು ಕಪ್ಪು ಕಾರು ಕಳಿಸುವವನಿದ್ದ. ಪರೀಕ್ಷೆಗೆಂದು. ಅದು ಒಪ್ಪಿಗೆಯಾದರೆ ಶೋರೂಮಿನ ಕಾರುಗಳೆಲ್ಲ ಇವನ ಕೈಗೆ, ತಗಡಿನ ಶೆಡ್ಡು ಬಿಟ್ಟು ದೊಡ್ಡ ರಸ್ತೆಯಲ್ಲೊಂದು ಮಳಿಗೆ, ಹೆಂಡತಿಗೆ ಅವಳ ಸಿಂಕು ವಾಪಸು. ಕಪ್ಪು ಬಣ್ಣ ಚಾಡಿಕೋರ. ಕೂದಲೆಳೆಯಷ್ಟು ಗೀರಿದ್ದರೂ ಊರಿಗೆಲ್ಲ ಹೇಳುತ್ತದೆ. ಅದಕ್ಕೆ ಉಣ್ಣೆ ಪ್ಯಾಡೇ ಆಗಬೇಕು. ಹಿಂದಿನ ಸಂಜೆ ಅದನ್ನು ತೊಳೆದು, ಮಾವನಿಂದ ಒತ್ತಿಸಿ, ಸ್ಟ್ಯಾಂಡಿನ ಮೇಲಿನ ಸಾಲಿನಲ್ಲಿ ಒಬ್ಬಂಟಿಯಾಗಿ ಕೂರಿಸಿದ್ದ.

ಬೆಳಗ್ಗೆ ಹೆಂಡತಿಯ ಕೂಗಿಗೆ ಓಡಿಬಂದ. ಡಾಕ್ಟರನ್ನು ಕರೆದ, ಶವದ ಗಾಡಿಯವನಿಗೆ ಫೋನು ಮಾಡಿದ, ಊರಾಚೆ ಇದ್ದ ಭಾವನಿಗೆ ತಿಳಿಸಿದ. ಭಾವನ ಮನೆಯಲ್ಲಿ ಅತ್ತೆ ಇದ್ದರು. ಮಾವನೂ ಅತ್ತೆಯೂ ಮಾತು ಬಿಟ್ಟು ಬಹಳ ವರ್ಷವಾಗಿತ್ತು. ಜಗಳದ ಕಾರಣ ಇಬ್ಬರಿಗೂ ಮರೆತಿತ್ತು, ಹಠ ಮಾತ್ರ ನೆನಪಿತ್ತು. ಅದಕ್ಕೇ ಮಗ ಒಬ್ಬರನ್ನು, ಮಗಳು ಒಬ್ಬರನ್ನು ಹಂಚಿಕೊಂಡಿದ್ದರು.

ಅವನು ಈ ಓಡಾಟವೆಲ್ಲ ಮುಗಿಸಿ ಬರುವಷ್ಟರಲ್ಲಿ ಮಾವನನ್ನು ತೊಳೆದು, ಒಳ್ಳೆಯ ಅಂಗಿ ತೊಡಿಸಿ, ಮುಂದಿನ ಕೋಣೆಯಲ್ಲಿ ಮರದ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಪಕ್ಕದ ಮನೆಯ ಟೈಲರಮ್ಮ ಸೂಜಿ ದಾರ ಹಿಡಿದುಕೊಂಡೇ ಎಲ್ಲರಿಗೂ ಕುರ್ಚಿ ಹಾಕುತ್ತಿದ್ದಳು. ಹತ್ತಿರದವರು ಬರತೊಡಗಿದ್ದರು. ಜನ ಬಂದರೆ ಧೂಳು ಬರುತ್ತದೆ. ಅವನು ಮೆಲ್ಲಗೆ ಮಾವನ ಕೋಣೆಗೆ ಹೋಗಿ ಪ್ಯಾಡುಗಳನ್ನು ಮುಚ್ಚಳದ ಡಬ್ಬಿಗೆ ಹಾಕತೊಡಗಿದ.

ಮೇಲಿನ ಸಾಲು ಖಾಲಿ.

ಮಂಚದ ಕೆಳಗೆ ನೋಡಿದ. ಬೆಕ್ಕನ್ನು ಎತ್ತಿ ಅದರ ಕೆಳಗೆ ನೋಡಿದ. ಹೆಂಗಸರ ನಡುವೆ ಕೂತಿದ್ದ ಹೆಂಡತಿಯ ಬಳಿ ಹೋಗಿ, ಸಂತಾಪ ಹೇಳುವವನಂತೆ ಬಗ್ಗಿ, "ಉಣ್ಣೇದು ಎಲ್ಲಿ" ಎಂದು ಪಿಸುಗುಟ್ಟಿದ. ಅವಳು ಊದಿದ ಕಣ್ಣೆತ್ತಿ ಅವನನ್ನು ನೋಡಿ, "ಈಗ ಅದನ್ನಾ ಕೇಳೋದು" ಎಂದು ಮುಖ ತಿರುಗಿಸಿದಳು.

ಆಗ ಕಂಡಿತು. ಮಾವನ ಬಲಗಿವಿಯ ಹಿಂದೆ, ಮೋಡದ ಅಂಚಿನಂತೆ, ಒಂದು ಬೆರಳಗಲ ಬಿಳಿ ಉಣ್ಣೆ.

ಅವನ ಎದೆ ಬಡಿದುಕೊಂಡ ರೀತಿ ಬೆಳಗ್ಗೆ ಸಾವಿನ ಸುದ್ದಿಗೂ ಬಡಿದುಕೊಂಡಿರಲಿಲ್ಲ. ಇದು ಅವನಿಗೂ ತಿಳಿಯಿತು, ತಿಳಿದು ನಾಚಿಕೆಯೂ ಆಯಿತು. ಆದರೆ ನಾಚಿಕೆಯಿಂದ ಕಪ್ಪು ಕಾರು ಹೊಳೆಯುವುದಿಲ್ಲ. ಗಾಡಿ ಮಧ್ಯಾಹ್ನಕ್ಕೆ ಬರುತ್ತದೆ, ಮುಚ್ಚಳ ಹಾಕುತ್ತಾರೆ, ಆಮೇಲೆ ಅಂಥ ಪ್ಯಾಡು ತರಿಸಲು ತಿಂಗಳು ಬೇಕು. ಪ್ಯಾಡಿನ ಜಾಗಕ್ಕೆ ಇಡಲೆಂದು ಅವನು ಒಂದು ಟವೆಲನ್ನು ದಪ್ಪಗೆ ಮಡಚಿ ಅಂಗಿಯೊಳಗೆ ತುರುಕಿಕೊಂಡ. ಪೆಟ್ಟಿಗೆಯ ಬಳಿ ಮೊಣಕಾಲೂರಿ, ಮಾವನ ಕೊರಳ ಹಿಂದೆ ಕೈ ಹಾಕಿ, ಇನ್ನೊಂದು ಕೈಯಿಂದ ಉಣ್ಣೆಯ ಅಂಚು ಹಿಡಿದು ಎಳೆದ.

ಪ್ಯಾಡು ಬರಲಿಲ್ಲ. ಅದರ ಜೊತೆ ಕೆಳಗಿನ ಬಟ್ಟೆಯೆಲ್ಲ ಮೇಲೆದ್ದಿತು, ಮಾವ ನಿಧಾನವಾಗಿ ಬೇಡ ಎಂಬಂತೆ ತಲೆಯಾಡಿಸಿದರು.

"ಮಾವ," ಎಂದು ಅವನ ಗಂಟಲಿನಿಂದ ಹೊರಟ ಸದ್ದು ಮನುಷ್ಯನದ್ದಾಗಿರಲಿಲ್ಲ. ಟೈಲರಮ್ಮ ಓಡಿಬಂದು ಅವನ ಭುಜ ಹಿಡಿದಳು.

"ಎಳೀಬೇಡಿ ಅಣ್ಣಾ. ತಲೆ ಒಂದು ಕಡೆಗೆ ವಾಲ್ತಾ ಇತ್ತು. ದಿಂಬು ಜಾರದ ಹಾಗೆ ಬಟ್ಟೆಗೆ ಸೇರಿಸಿ ಗಟ್ಟಿಯಾಗಿ ಹೊಲಿದಿದ್ದೀನಿ."

"ಹೊಲಿದಿದ್ದೀಯಾ?"

"ಪ್ರಾಣ ಹೋದ್ರೂ ಬಿಡಲ್ಲ ಅಂಥ ಹೊಲಿಗೆ," ಎಂದಳು ಅವಳು ಸಮಾಧಾನ ಮಾಡುವ ದನಿಯಲ್ಲಿ. ಅವನ ಕಣ್ಣಲ್ಲಿ ನೀರು ತುಂಬಿತು. ಕೋಣೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಂಥಾ ಅಳಿಯ ನೋಡಿ, ಎಂದು ಯಾರೋ ಅಂದರು. ಮಗನಾದವನಿಗೂ ಇಷ್ಟು ಇರಲ್ಲ, ಎಂದು ಇನ್ನೊಬ್ಬರು.

ಮಗನಾದವನು, ಅಂದರೆ ಭಾವ, ಆಗತಾನೆ ಬಾಗಿಲಲ್ಲಿ ಬಂದು ನಿಂತಿದ್ದ. ಹೆಣ ಕಂಡರೆ ಅವನಿಗೆ ಚಿಕ್ಕಂದಿನಿಂದ ಭಯ. ಬಾಗಿಲ ಹತ್ತಿರವೇ ಒಂದು ಕುರ್ಚಿ ಹುಡುಕಿ ಕೂತ. ಅತ್ತೆ ಮಾತ್ರ ಕೋಲೂರಿಕೊಂಡು ನೇರ ಪೆಟ್ಟಿಗೆಯ ಕಾಲ ಕಡೆ ಬಂದು ನಿಂತರು. ಗಂಡನನ್ನು ನೋಡಲಿಲ್ಲ. ಗೋಡೆ ನೋಡುತ್ತ ನಿಂತರು. ಅಷ್ಟು ವರ್ಷದ ಹಠ ಅಷ್ಟು ಬೇಗ ಎಲ್ಲಿಗೆ ಹೋಗಬೇಕು.

ಟೈಲರಮ್ಮ ಕಿಟಕಿಯ ಮೇಲೆ ಮರೆತುಹೋದ ಪುಟ್ಟ ಕತ್ತರಿ ಅವನ ಕಣ್ಣಿಗೆ ಬಿದ್ದದ್ದು ಆಗ. ಅವನು ಅದನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡು ಮತ್ತೆ ಮೊಣಕಾಲೂರಿದ. ಈ ಸಲ ಯಾರಿಗೂ ಕಾಣದಂತೆ ಮೈಯೆಲ್ಲ ಪೆಟ್ಟಿಗೆಯೊಳಕ್ಕೆ ಬಗ್ಗಿಸಿ, ಮಾವನನ್ನು ತಬ್ಬಿಕೊಂಡು, ಕತ್ತಿನಡಿ ಕತ್ತರಿ ತೂರಿಸಿ ಒಂದು ಹೊಲಿಗೆ ಕತ್ತರಿಸಿದ. ಎರಡನೆಯದ್ದಕ್ಕೆ ಬೆರಳು ಹುಡುಕುತ್ತಿರುವಾಗ ಅವನ ಕೆನ್ನೆ ಮಾವನ ಮಡಚಿಟ್ಟ ಕೈಗಳಿಗೆ ತಾಗಿತು. ತಣ್ಣಗಿದ್ದವು. ತೊಳೆದಿದ್ದರು, ಆದರೂ ಉಗುರಿನ ಸಂದಿಯಲ್ಲಿ ಸ್ವಲ್ಪ ಬಿಳಿ ಪೇಸ್ಟು ಉಳಿದಿತ್ತು. ಹಿಂದಿನ ಸಂಜೆಯದ್ದು. ಆ ಪೇಸ್ಟು ಹೋಗಲು ಮೆತ್ತನೆಯ ಬ್ರಷ್ಷು ಬೇಕು, ಬರಿ ನೀರಿಗೆ ಹೋಗುವುದಿಲ್ಲ, ಅದು ಇವರಿಗೇನು ಗೊತ್ತು ಎಂದುಕೊಂಡ. ನನ್ನನ್ನು ಕರೆದಿದ್ದರೆ ನಾನು ತೊಳೆದುಕೊಡುತ್ತಿದ್ದೆ ಎಂದುಕೊಂಡ. ಹಾಗೆ ಅಂದುಕೊಂಡದ್ದೇ, ಎರಡನೆಯ ಹೊಲಿಗೆ ಹುಡುಕುವುದನ್ನು ಬಿಟ್ಟುಬಿಟ್ಟ.

ಇನ್ನು ಮುಂದೆ ಸಂಜೆ ಒದ್ದೆ ಪ್ಯಾಡು ತಂದರೆ ಕೈ ಚಾಚುವವರು ಆ ಮಂಚದಲ್ಲಿ ಇರುವುದಿಲ್ಲ. ಕಿಟಕಿ, ಗಾಳಿ, ಇಡೀ ಕೋಣೆ ಅವನದ್ದೇ. ಇದು ಮೊದಲ ಬಾರಿಗೆ ಅವನ ತಲೆಗೆ ಹೋಯಿತು. ಅವನು ಪೆಟ್ಟಿಗೆಯೊಳಗೆ ಮುಖ ಹುದುಗಿಸಿ, ಭುಜ ಕುಲುಕಿಸಿ, ಸದ್ದು ಮಾಡಿ ಅತ್ತ. ಮದುವೆಯಾದ ಮೇಲೆ ಅವನು ಅತ್ತದ್ದನ್ನು ಹೆಂಡತಿ ನೋಡಿರಲಿಲ್ಲ. ಅವಳು ಎದ್ದು ಬಂದು ಅವನ ಪಕ್ಕ ಕೂತಳು. ಬೆನ್ನ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು.

"ಸಿಕ್ತಾ?"

ಅವನು ತಲೆಯಾಡಿಸಿದ. ಇಲ್ಲ.

"ನಾನೇ ಕೊಟ್ಟಿದ್ದು," ಎಂದಳು ಅವಳು. "ಅಪ್ಪ ಕೈಯಲ್ಲಿ ಹಿಡ್ಕೊಂಡು ಮಲಗ್ತಿದ್ದದ್ದು ಅದೊಂದನ್ನೇ. ದಿಂಬು ಹುಡುಕಿದೆ, ಎಲ್ಲಾ ಗಟ್ಟಿ ಇದ್ವು. ನಿಮ್ಮನ್ನ ಕೇಳಿದ್ರೆ ನೀವು ಕೊಡ್ತಿರಲಿಲ್ಲ."

"ಕೊಡ್ತಿರಲಿಲ್ಲ," ಎಂದು ಅವನೂ ಒಪ್ಪಿಕೊಂಡ.

"ಈಗ?"

ಅವನು ಕತ್ತರಿಯನ್ನು ಅವಳ ಕೈಗಿಟ್ಟ. ಬಿಡಿಸಿಕೊಂಡ ಉಣ್ಣೆಯ ಎಳೆಗಳನ್ನು ಮಾವನ ಕಿವಿಯ ಹಿಂದಕ್ಕೆ ನಯವಾಗಿ ಬಾಚಿ ಸರಿಮಾಡಿದ. ಆಮೇಲೆ ಗಾಡಿ ಬಂತು, ಮುಚ್ಚಳ ಹಾಕಿದರು, ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೇ ಮೊದಲಿಗ. ಗಾಡಿಯ ಬಾನೆಟ್ಟಿನ ಮೇಲೆ ತುಂಬಾ ಗೀರುಗಳಿದ್ದವು, ಅವನು ನೋಡಿದ, ಆದರೆ ಆ ದಿನ ಯಾರಿಗೂ ಏನೂ ಹೇಳಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಅವನು ಒಂದು ಪ್ಯಾಡು ಕಳೆದುಕೊಂಡು ಒಂದಿಷ್ಟು ಮನುಷ್ಯನಾದ ಎಂದು ಹೇಳಿ ಎದ್ದುಹೋಗಬಹುದಿತ್ತು. ಆದರೆ ಸ್ಮಶಾನದಿಂದ ವಾಪಸು ಬಂದು ಎಲ್ಲರೂ ಕೈಕಾಲು ತೊಳೆದು ಕೂತಾಗ, ಬೆಳಗ್ಗೆಯಿಂದ ಬಾಯಿ ತೆರೆಯದ ಅತ್ತೆ ಬಾಯಿ ತೆರೆದರು.

"ನಾನು ಇನ್ನು ಇಲ್ಲೇ ಇರ್ತೀನಿ."

"ಎಲ್ಲಮ್ಮಾ?" ಎಂದ ಭಾವ. ಅವನ ದನಿಯಲ್ಲಿ ಆಶ್ಚರ್ಯಕ್ಕಿಂತ ಮುಂದೆ ಓಡಿಬಂದದ್ದು ಆಸೆ.

"ಇಲ್ಲಿ. ಅಳಿಯಂದಿರ ಮನೇಲಿ. ನೋಡಿದೆನಲ್ಲ ಕಣ್ಣಾರೆ. ನೀನು ಹೆತ್ತಪ್ಪನ್ನ ಬಾಗಿಲಿಂದ ನೋಡಿದೆ. ಇವರು ತಬ್ಬಿಕೊಂಡು ಬಿಡಲೇ ಇಲ್ಲ. ನಾನು ಸತ್ತಾಗ್ಲೂ ಹಾಗೆ ಒಬ್ಬರು ಅಳಬೇಕು. ನಿನ್ನ ಮನೇಲಿ ಸತ್ತರೆ ಯಾರು ಅಳ್ತಾರೆ, ನಿನ್ನ ಟೀವಿಯಾ?"

ಅಳಿಯ ಬಾಯಿ ತೆರೆದ. ಏನು ಹೇಳುವುದು? ಅತ್ತೆ, ನಾನು ಅಪ್ಪಿಕೊಂಡದ್ದು ಮಾವನನ್ನಲ್ಲ, ಪ್ಯಾಡನ್ನು ಎಂದೇ? ಕಡೆಗೆ ಅಪ್ಪಿಕೊಂಡದ್ದು ಮಾವನನ್ನೇ ಆದರೂ, ಆರಂಭದಲ್ಲಿ ಉದ್ದೇಶ ಬೇರೆ ಇತ್ತು ಎಂದೇ? ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು, ತುಟಿಯ ಕೊನೆ ಸ್ವಲ್ಪ ಅದುರುತ್ತಿತ್ತು. ಅಳುವೋ ನಗುವೋ ಹೇಳುವಂತಿರಲಿಲ್ಲ.

"ಅತ್ತೆ, ಆ ಕೋಣೇಲಿ ಪೇಸ್ಟಿನ ವಾಸನೆ ಇದೆ. ನಿಮಗೆ ಆಗಲ್ಲವೇನೋ," ಎಂದ.

"ಅವರಿಗೆ ಆಯ್ತಲ್ಲ."

ಅಪ್ಪ ಸತ್ತ ದಿನ ಅಷ್ಟು ಚುರುಕಾಗಿ ಓಡಾಡಿದ ಮಗನನ್ನು ಆ ಬೀದಿ ಕಂಡಿರಲಿಲ್ಲ. ಕತ್ತಲಾಗುವ ಮೊದಲೇ ಭಾವ ಅತ್ತೆಯ ಟ್ರಂಕು, ಔಷಧಿಯ ಚೀಲ, ಕಾಲಿಡುವ ಮಣೆ ಎಲ್ಲ ತಂದು ಇಳಿಸಿ, ಸೋದರಿಯ ತಲೆ ಸವರಿ, ಅಳಿಯನ ಕೈ ಬಹಳ ಹೊತ್ತು ಕುಲುಕಿ ಹೊರಟುಹೋದ. ಅತ್ತೆ ಕೋಣೆಗೆ ಹೋಗಿ ಮೊದಲು ಮಾಡಿದ್ದು ತಂತಿಯ ಸ್ಟ್ಯಾಂಡನ್ನು ಕೋಲಿನಿಂದ ಹೊರಕ್ಕೆ ತಳ್ಳಿದ್ದು.

ಮಾರನೆಯ ದಿನ ಕಪ್ಪು ಕಾರು ಬಂತು. ಹಿಂದಿನ ದಿನದ ಗಲಾಟೆಯಲ್ಲಿ ಡಬ್ಬಿಗೆ ತುರುಕಿದ ಪ್ಯಾಡುಗಳಲ್ಲಿ ತೇವ ಹಾಗೇ ಇತ್ತು, ಕೆಲವಕ್ಕೆ ಧೂಳು ಹತ್ತಿತ್ತು. ಕಪ್ಪು ಸ್ಪಂಜನ್ನು ತೊಳೆದು, ತಾನೇ ಒತ್ತಿ, ದಿನವಿಡೀ ಒದ್ದಾಡಿದ. ಮ್ಯಾನೇಜರು ಸಂಜೆ ಕಾರನ್ನು ಬಿಸಿಲಿಗೆ ನಿಲ್ಲಿಸಿ ಸುತ್ತ ಬಂದ. ಬಾಗಿಲಿನ ಮೇಲೆ, ಜೇಡರ ಬಲೆಯಂತೆ, ತೆಳ್ಳಗಿನ ಸುತ್ತುಗೀರುಗಳು ಬಿಸಿಲಿಗೆ ಬೆಳಗುತ್ತಿದ್ದವು.

"ಮನೇಲಿ ಸಾವಾಗಿದೆ ಅಂತ ಕೇಳಿದೆ," ಎಂದ ಮ್ಯಾನೇಜರು ಮೃದುವಾಗಿ. "ಹೇಳಿ ಕಳಿಸ್ತೀವಿ."

ಹೇಳಿ ಕಳಿಸಲಿಲ್ಲ.

ತಿಂಗಳಾದ ಮೇಲೆ ದೂರದಿಂದ ಹೊಸ ಉಣ್ಣೆ ಪ್ಯಾಡು ಬಂತು. ಆ ಹೊತ್ತಿಗೆ ಅವನು ಮನೆಯಲ್ಲಿರಲಿಲ್ಲ, ಪೊಟ್ಟಣ ಇಸಿದುಕೊಂಡವರು ಅತ್ತೆ. ಬಂದು ನೋಡುವಾಗ ಪೊಟ್ಟಣದ ಕಾಗದ ನೀಟಾಗಿ ಮಡಚಿ ಕಿಟಕಿಯ ಮೇಲಿತ್ತು, ಅತ್ತೆಯ ತಲೆ ಪ್ಯಾಡಿನ ಮೇಲಿತ್ತು. ತಲೆಯಲ್ಲಿ ಅಂಗೈತುಂಬ ಎಣ್ಣೆಯಿತ್ತು.

"ಟೈಲರಮ್ಮ ಹೇಳಿದ್ಲು, ನಿಮ್ಮ ಮಾವನ ತಲೆಯಡಿ ಇಟ್ಟಿದ್ದಿರಂತಲ್ಲ, ಅಂಥದ್ದೇ," ಎಂದರು ಅತ್ತೆ ಕಣ್ಣು ಮುಚ್ಚಿಕೊಂಡೇ. "ಕೇಳೋಣ ಅಂತಿದ್ದೆ, ಕೇಳೋ ಮೊದಲೇ ತರಿಸಿದ್ದೀರಿ. ಇಷ್ಟು ಒಳ್ಳೆಯವರಾಗಬಾರದು ಮನುಷ್ಯರು."

ಅವನು ಅಡುಗೆಮನೆಗೆ ಹೋಗಿ ಹೆಂಡತಿಯ ಪಕ್ಕ ನಿಂತ. "ನೀನಾದ್ರೂ ಹೇಳು ಅಮ್ಮನಿಗೆ."

"ಏನಂತ?"

ಅವನು ಯೋಚಿಸಿದ. ಏನಂತ ಹೇಳಿದರೂ, ಪೆಟ್ಟಿಗೆಯ ಹತ್ತಿರ ತಾನು ಎಳೆದದ್ದು ಏನನ್ನು ಎಂಬಲ್ಲಿಗೇ ಹೋಗಿ ನಿಲ್ಲಬೇಕಾಗುತ್ತಿತ್ತು. "ಬಿಡು," ಎಂದ.

ಈಗ ವಾರಕ್ಕೊಮ್ಮೆ ಅತ್ತೆ ಆ ಉಣ್ಣೆಯ ದಿಂಬನ್ನು ಅವನ ಕೈಗೆ ಕೊಡುತ್ತಾರೆ. ಮಗಳು ಹೇಳಿದ್ದಾಳಂತೆ, ಅದನ್ನು ತೊಳೆಯುವ ರೀತಿ ಇಡೀ ಊರಿನಲ್ಲಿ ಅಳಿಯಂದಿರಿಗೆ ಒಬ್ಬರಿಗೇ ಗೊತ್ತು, ಬೇರೆಯವರು ಮುಟ್ಟಿದರೆ ಹಾಳು. ಅವನು ಸಿಂಕಿನ ಮುಂದೆ ನಿಂತು, ಉಗುರು ಬೆಚ್ಚಗಿನ ನೀರಿನಲ್ಲಿ, ಒಂದು ಹನಿ ಸೋಪಿನಲ್ಲಿ, ಅತ್ತೆಯ ತಲೆಯೆಣ್ಣೆಯನ್ನು ಎಳೆ ಎಳೆಯಾಗಿ ಬಿಡಿಸುತ್ತಾನೆ. ಹಿಂಡುವುದಿಲ್ಲ, ತಿರುಚುವುದಿಲ್ಲ, ಎರಡು ಅಂಗೈಗಳ ನಡುವೆ ಇಟ್ಟು ಒತ್ತುತ್ತಾನೆ. ನೆರಳಿನಲ್ಲಿ ಒಣಗಿಸಿ, ಬಾಚಿ, ಒಯ್ದು ಕೊಡುತ್ತಾನೆ. ಅತ್ತೆ ಅದನ್ನು ಕೆನ್ನೆಗೆ ಒತ್ತಿ ನೋಡುತ್ತಾರೆ, ಒಮ್ಮೆ ಮೂಸುತ್ತಾರೆ.

"ಈ ಸಲ ಸ್ವಲ್ಪ ತೇವ ಉಳಿದಿದೆ ಅಳಿಯಂದ್ರೇ," ಎನ್ನುತ್ತಾರೆ. "ಮುಂದಿನ ಸಲ ನೋಡ್ಕೊಂಡು ಮಾಡಿ."